ಉತ್ತರದಿಂದ ಬಂದವರು

ಒಂದು ಊರಿನಲ್ಲಿ ಇಳಿದು ಬೇರೊಂದು ಊರಿನಿಂದ ಮರಳುವವರಿಗಾಗಿ ಇರುವ ಟಿಕೆಟ್ಟನ್ನು ವಿಮಾನಯಾನದ ಪರಿಭಾಷೆಯಲ್ಲಿ ‘ಓಪನ್ ಜಾ’ ಎಂದು ಕರೆಯುತ್ತಾರೆ. ಹೋಗುವ ದಾರಿ ಮತ್ತು ಬರುವ ದಾರಿಗಳನ್ನು ನಕ್ಷೆಯ ಮೇಲೆ ಎಳೆದು ನೋಡಿದರೆ, ಎರಡು ಗೆರೆಗಳೂ ಹೊರಟ ಊರಿನಲ್ಲಿ ಕೂಡಿಕೊಂಡು, ತಲುಪಿದ ದೇಶದಲ್ಲಿ ಮಾತ್ರ ಕೂಡದೆ, ತೆರೆದ ದವಡೆಯ ಆಕಾರ ತಳೆಯುವುದರಿಂದ ಈ ಹೆಸರು. ಟಿಕೆಟ್ ಕಾದಿರಿಸುವಾಗ ‘ಮಲ್ಟಿ ಸಿಟಿ’ ಎಂಬ ಆಯ್ಕೆಯ ಮೂಲಕ ಪಡೆಯುವ ಈ ಟಿಕೆಟ್ಟು ಎರಡು ಬಿಡಿ ಪ್ರಯಾಣಗಳ ಜೋಡಣೆಯಲ್ಲ; ಒಂದೇ ಪಿಎನ್‌ಆರ್ ಸಂಖ್ಯೆಯ ಅಡಿಯಲ್ಲಿ ಬರುವ ಒಂದೇ ಕರಾರು ಇದಾದ್ದರಿಂದ, ಅದರ ಭಾಗಗಳನ್ನು ಬರೆದ ಕ್ರಮದಲ್ಲಿಯೇ ಬಳಸಬೇಕು, ಮೊದಲ ಭಾಗವನ್ನು ಬಳಸದೆ ಬಿಟ್ಟರೆ ಉಳಿದವು ರದ್ದಾಗುತ್ತವೆ ಎಂಬುದು ಸಾಂಪ್ರದಾಯಿಕ ವಿಮಾನ ಸಂಸ್ಥೆಗಳ ಸಾಮಾನ್ಯ ನಿಯಮ. ಇಳಿದ ಊರಿಗೂ ಏರುವ ಊರಿಗೂ ನಡುವೆ ಉಳಿಯುವ, ಪ್ರಯಾಣಿಕರು ತಮ್ಮ ಪಾಡಿಗೆ ತಾವು ಕ್ರಮಿಸಬೇಕಾದ ಅಂತರವನ್ನು ‘ಸರ್ಫೇಸ್ ಸೆಕ್ಟರ್’, ಅಂದರೆ ಭೂಮಾರ್ಗದ ಭಾಗ, ಎನ್ನಲಾಗುತ್ತದೆ. ಕಾದಿರಿಸುವಿಕೆಯ ದಾಖಲೆಯಲ್ಲಿ ಆ ಜಾಗದಲ್ಲಿ ‘ಎಆರ್‌ಎನ್‌ಕೆ’ ಎಂಬ ನಾಲ್ಕಕ್ಷರದ ಸಂಕೇತ ಬೀಳುತ್ತದೆ. ಪ್ರಯಾಣಿಕರು ಅಲ್ಲಿ ಹೇಗೆ ಹೋದರು, ಯಾವ ದಾರಿ ಹಿಡಿದರು ಎಂಬುದು ಸಂಸ್ಥೆಗೆ ತಿಳಿಯದು ಎಂಬುದಷ್ಟೇ ಅದರ ಆಶಯ.

ಸಂಕೇತದಲ್ಲಿ ಮುಗಿದುಹೋಗುವ ಈ ಅಂತರವೇ ಕೆಲವು ದೇಶಗಳ ಮಟ್ಟಿಗೆ ಪ್ರವಾಸದ ತಿರುಳಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದವಿದ್ದು, ನಡುವಿನ ಅತಿ ಕಿರಿದಾದ ಜಾಗದಲ್ಲಿ 50 ಕಿಲೋಮೀಟರಿನಷ್ಟು ಮಾತ್ರ ಅಗಲವಿರುವ ವಿಯೆಟ್ನಾಂ ಅಂಥದ್ದೊಂದು ದೇಶ. ಮೇಲ್ತುದಿಯಲ್ಲಿ ಕೆಂಪು ನದಿಯ ಮುಖಜಭೂಮಿ, ಕೆಳತುದಿಯಲ್ಲಿ ಮೆಕಾಂಗ್ ನದಿಯ ಮುಖಜಭೂಮಿ, ಎರಡೂ ಭತ್ತದ ಕಣಜಗಳು. ನಡುವೆ ಬೆಟ್ಟಕ್ಕೂ ಕಡಲಿಗೂ ಸಿಕ್ಕಿಕೊಂಡ ಸಣ್ಣ ಪಟ್ಟಿ. ಹೆಗಲ ಮೇಲಿನ ಅಡ್ಡೆಯ ಎರಡು ತುದಿಗಳಲ್ಲಿ ತೂಗುವ ಅಕ್ಕಿಯ ಬುಟ್ಟಿಗಳಂತೆ ತಮ್ಮ ದೇಶ ಎಂದು ಅಲ್ಲಿಯವರೇ ವರ್ಣಿಸುತ್ತಾರೆ. ಇಂಥ ದೇಶದಲ್ಲಿ ಇಳಿದ ಊರಿಗೇ ಮರಳಿ ಬರುವುದೆಂದರೆ ಅಡ್ಡೆಯ ಉದ್ದವನ್ನು ಎರಡೆರಡು ಸಲ ಅಳೆಯಬೇಕಾಗುತ್ತದೆ. ಆದ್ದರಿಂದ ಹನೋಯಿಯಲ್ಲಿ ಇಳಿದು ಹೋ ಚಿ ಮಿನ್ಹ್ ನಗರದಿಂದ, ಅಂದರೆ ಹಳೆಯ ಸೈಗಾನಿನಿಂದ, ವಿಮಾನ ಏರುವುದು ಅಥವಾ ಇದಕ್ಕೆ ತಿರುವುಮುರುವಾಗಿ ಮಾಡುವುದು ಅಲ್ಲಿಗೆ ಹೋಗುವವರ ವಾಡಿಕೆ. ಆ ದೇಶದ ಇ-ವೀಸಾ ಅರ್ಜಿಯಲ್ಲಿಯೂ ಒಳಬರುವ ಠಾಣೆ ಯಾವುದು, ಹೊರಹೋಗುವ ಠಾಣೆ ಯಾವುದು ಎಂಬ ಎರಡು ಪ್ರತ್ಯೇಕ ಕಲಮುಗಳಿವೆ.

ಈ ಬರಹಕ್ಕೆ ಕಾರಣರಾದ ಬೆಂಗಳೂರಿನ ದಂಪತಿ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಕ್ರಮವನ್ನು ಆರಿಸಿಕೊಂಡರು. ಗಂಡ ಹಿರಿಯೂರಿನ ಕಡೆಯವರು, ಹೆಂಡತಿ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವರು. ವಿಮಾನದ ವೇಳೆ ಅನುಕೂಲವಾಗಿತ್ತು, ಹೆಚ್ಚಿನ ಕೈಪಿಡಿಗಳೂ ಹನೋಯಿಯಿಂದಲೇ ಆರಂಭವಾಗುತ್ತವೆ ಎಂಬುದಕ್ಕಿಂತ ದೊಡ್ಡ ಕಾರಣ ಆ ಆಯ್ಕೆಗೆ ಇರಲಿಲ್ಲ. ಆದರೆ ಮರಳಿ ಬಂದ ಮೇಲೆ, ಕಂಡ ಸ್ಥಳಗಳಿಗಿಂತಲೂ ಹೆಚ್ಚಾಗಿ ಅವರನ್ನು ಕಾಡುತ್ತಿರುವುದು ಆ ದಿಕ್ಕು.

ಫೆಬ್ರವರಿಯ ಹನೋಯಿ, ಮಳೆಯೆಂದೂ ಮಂಜೆಂದೂ ಖಚಿತವಾಗಿ ಹೇಳಲಾಗದ ತುಂತುರಿನಲ್ಲಿ ದಿನವಿಡೀ ತೊಯ್ಯುವ ಊರು. 1010ರಲ್ಲಿ ಲೀ ವಂಶದ ಮೊದಲ ದೊರೆ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದಂದಿನಿಂದ, ಹುಯೆ ನಗರ ರಾಜಧಾನಿಯಾಗಿದ್ದಂತಹ ಕೆಲವು ಅವಧಿಗಳನ್ನು ಬಿಟ್ಟರೆ, ವಿಯೆಟ್ನಾಮಿನ ಅಧಿಕಾರದ ಕೇಂದ್ರ ಇದೇ ಆಗಿದೆ. ಹಳೆಯ ಪೇಟೆಯ ಬೀದಿಗಳಿಗೆ ಅಲ್ಲಿ ಮಾರುತ್ತಿದ್ದ ಸರಕುಗಳ ಹೆಸರೇ ಇದೆ. ರೇಷ್ಮೆಯ ಬೀದಿ, ಬೆಳ್ಳಿಯ ಬೀದಿ, ಸಕ್ಕರೆಯ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳನ್ನು ಬಲ್ಲವರಿಗೆ ಈ ಕ್ರಮ ಹೊಸತಲ್ಲ. ಹಾಲಿನ ಅಭಾವವಿದ್ದ 1946ರ ಸುಮಾರಿಗೆ ಅಲ್ಲಿಯ ಹೋಟೆಲೊಂದರ ಕೆಲಸಗಾರ ಮೊಟ್ಟೆಯ ಹಳದಿಯನ್ನು ನೊರೆಬರುವಂತೆ ಕಡೆದು ಡಿಕಾಕ್ಷನ್ನಿನ ಮೇಲೆ ಹಾಕಿ ಕುಡಿಸಿದ್ದೇ ಇಂದಿನ ಹೆಸರಾಂತ ಮೊಟ್ಟೆ ಕಾಫಿಯ ಮೂಲವೆಂದು ಹೇಳುತ್ತಾರೆ. ದಂಪತಿ ಅದನ್ನು ಬಿಟ್ಟು ‘ಫಿನ್’ ಎಂಬ ಸಣ್ಣ ಲೋಹದ ಫಿಲ್ಟರಿನಿಂದ ಲೋಟಕ್ಕೆ ಹನಿಹನಿಯಾಗಿ ಇಳಿಯುವ ಕಪ್ಪು ಕಾಫಿಯನ್ನು ಕೇಳಿದರು. ಬ್ರೆಜಿಲಿನ ನಂತರ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಇದು. ಬೆಳೆಯಲ್ಲಿ ಬಹುಪಾಲು ಕೊಡಗಿನವರಿಗೆ ಚಿರಪರಿಚಿತವಾದ ರೋಬಸ್ಟಾ ತಳಿಯದು. ಮನೆಯ ಫಿಲ್ಟರಿನಲ್ಲಿ ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟು ಬೆಳಿಗ್ಗೆ ಬಿಸಿ ಹಾಲಿಗೆ ಬೆರೆಸುವವರಿಗೆ, ಕುಡಿಯುವವರ ಮುಂದೆಯೇ ಇಳಿಯುತ್ತ ಅವರನ್ನು ಕಾಯಿಸುವ ಆ ಕಾಫಿ ಮಾತಿಗೆ ಬಿಡುವು ಕೊಡುವ ಪದ್ಧತಿಯಾಗಿ ಹಿಡಿಸಿತು.

ಹನೋಯಿಯಲ್ಲಿ ಅವರ ಮನಸ್ಸು ನಿಂತದ್ದು ವಾನ್ ಮಿಯೆವ್ ಎಂಬ ಸಾಹಿತ್ಯ ದೇಗುಲದಲ್ಲಿ. 1070ರಲ್ಲಿ ಕನ್‌ಫ್ಯೂಷಿಯಸ್‌ಗೆ ಅರ್ಪಿತವಾಗಿ ಕಟ್ಟಿದ ಈ ಆವರಣಕ್ಕೆ 1076ರಲ್ಲಿ ರಾಜವಿದ್ಯಾಲಯವೂ ಸೇರಿಕೊಂಡಿತು. ಕಲ್ಲಿನ ಆಮೆಗಳ ಬೆನ್ನಮೇಲೆ ಸಾಲಾಗಿ ನಿಲ್ಲಿಸಿದ 82 ಶಿಲಾಫಲಕಗಳು ಇಲ್ಲಿವೆ; 1442ರಿಂದ 1779ರವರೆಗಿನ ಅತ್ಯುನ್ನತ ರಾಜಪರೀಕ್ಷೆಗಳಲ್ಲಿ ಗೆದ್ದವರ ಹೆಸರು, ಊರುಗಳನ್ನು ಅವುಗಳ ಮೇಲೆ ಚೀನೀ ಲಿಪಿಯಲ್ಲಿ ಕೆತ್ತಲಾಗಿದೆ. ಈ ಫಲಕಗಳನ್ನು ನಿಲ್ಲಿಸುವ ಪದ್ಧತಿಯನ್ನು 1484ರಲ್ಲಿ ಆರಂಭಿಸಿದವನು ಲೇ ವಂಶದ ದೊರೆ ಲೇ ಥಾನ್ ತೋಂಗ್. ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನಗಳ ನಾಡಿನಿಂದ ಹೋದವರಿಗೆ, ಪರೀಕ್ಷೆಯಲ್ಲಿ ಗೆದ್ದವರಿಗೂ ಕಲ್ಲು ನೆಡಿಸಿದ ಅರಸನ ಬಗ್ಗೆ ಗೌರವ ಮೂಡಿದ್ದು ಸಹಜ. ಪದವಿಯ ನಿಲುವಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳಲು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, ಪರೀಕ್ಷೆಗೆ ಮುಂಚೆ ಆಮೆಯ ತಲೆ ಸವರಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ ತಮ್ಮಲ್ಲಿದೆ ಎಂದೂ, ಕಲ್ಲು ಸವೆಯುತ್ತದೆಂದು ಈಗ ಕಟಾಂಜನ ಹಾಕಿ ತಡೆದಿದ್ದಾರೆ ಎಂದೂ ತಿಳಿಸಿದಳು. ದೊರೆಯ ಹೆಸರನ್ನು ಉಚ್ಚರಿಸುವುದನ್ನು ಅವಳೇ ಎರಡು ಮೂರು ಬಾರಿ ಹೇಳಿಕೊಟ್ಟಳು. ಹೆಂಡತಿ ಅದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರು.

ಮರಳಿ ಬರಲಿರುವ ಊರನ್ನು ನೋಡುವ ಬಗೆಗೂ ಮರಳಿ ಬಾರದ ಊರನ್ನು ನೋಡುವ ಬಗೆಗೂ ವ್ಯತ್ಯಾಸವಿದೆ. ಹೋದ ಊರಿಗೇ ಮರಳುವ ಸಾಮಾನ್ಯ ಪ್ರವಾಸದಲ್ಲಿ ಕೊನೆಯ ದಿನವೊಂದು ಉಳಿಯುತ್ತದೆ. ದೇಶದ ಉಳಿದ ಭಾಗವನ್ನು ಕಂಡ ಕಣ್ಣಿನಿಂದ ಮೊದಲ ಊರನ್ನು ಇನ್ನೊಮ್ಮೆ ನೋಡಿ, ಮೊದಲ ದಿನ ತಿಳಿಯದೆ ಹೋದದ್ದನ್ನು ತಿಳಿದುಕೊಳ್ಳಲು ಆ ದಿನ ಅವಕಾಶ ಕೊಡುತ್ತದೆ. ಓಪನ್ ಜಾ ಟಿಕೆಟ್ಟಿನಲ್ಲಿ ಆ ಎರಡನೆಯ ನೋಟ ಇರುವುದಿಲ್ಲ. ಹಿಂದೆ ಬಿಟ್ಟದ್ದು ಹಿಂದೆಯೇ ಉಳಿಯುತ್ತದೆ. ಮುಂದೆ ಸಿಗುವುದೆಲ್ಲ ಮೊದಲು ಕಂಡದ್ದರ ಮುಂದುವರಿಕೆಯಾಗಿ ಕಾಣತೊಡಗುತ್ತದೆ. ಸಮಯ ಉಳಿಸುವ ಸೌಲಭ್ಯವೆಂದು ಹೊಗಳಿಸಿಕೊಳ್ಳುವ ಈ ಏರ್ಪಾಡು, ಪ್ರವಾಸಕ್ಕೆ ಕಥೆಯ ಆಕಾರವನ್ನು ಕೊಟ್ಟು, ಆದಿ ಅಂತ್ಯಗಳು ಯಾವುವೆಂಬುದನ್ನೂ ತಾನೇ ತೀರ್ಮಾನಿಸಿಬಿಡುತ್ತದೆ.

ಹನೋಯಿಯಿಂದ ಸೈಗಾನಿಗೆ ಹೋಗುವ ರೈಲುಮಾರ್ಗದ ಉದ್ದ 1,726 ಕಿಲೋಮೀಟರ್. ಫ್ರೆಂಚರ ಆಳ್ವಿಕೆಯಲ್ಲಿ ತುಂಡುತುಂಡಾಗಿ ಕಟ್ಟಿದ ಈ ಮಾರ್ಗ ಪೂರ್ತಿಯಾಗಿ ಜೋಡಣೆಯಾದದ್ದು 1936ರಲ್ಲಿ. 1954ರಲ್ಲಿ ದೇಶ ಎರಡಾದಾಗ ಅದೂ ತುಂಡಾಯಿತು. ಯುದ್ಧ ಮುಗಿದ ಮೇಲೆ ಸೇತುವೆಗಳನ್ನೂ ನಿಲ್ದಾಣಗಳನ್ನೂ ದುರಸ್ತಿಮಾಡಿ 1976ರ ಡಿಸೆಂಬರ್ 31ರಂದು ಮತ್ತೆ ತೆರೆದಾಗ ಅದು ಏಕೀಕರಣದ ಗುರುತಾಯಿತು. ಹಳಿ ಇಂದಿಗೂ ಮೀಟರ್ ಗೇಜಿನದೇ. ತೊಂಬತ್ತರ ದಶಕದವರೆಗೂ ಮೀಟರ್ ಗೇಜಿನಲ್ಲಿಯೇ ಓಡುತ್ತಿದ್ದ ಬೆಂಗಳೂರು–ಮೈಸೂರು ಗಾಡಿಯಲ್ಲಿ ಕೂತು ಬೆಳೆದವರಿಗೆ ಆ ಒನೆತ, ಆ ನಿಧಾನ ಮೈಗೆ ಕೂಡಲೇ ಗುರುತು ಸಿಗುವಂಥದ್ದು.

ಬೋಗಿಯ ಕೆಳಗಿನ ಬರ್ತಿನಲ್ಲಿ ಸೈಗಾನಿನ ಮಗನ ಮನೆಗೆ ಹೊರಟಿದ್ದ ಅಜ್ಜಿಯೊಬ್ಬರಿದ್ದರು. ಬಾಳೆಲೆಯಲ್ಲಿ ಕಟ್ಟಿದ ಅಕ್ಕಿಯ ಕಡುಬನ್ನು ಅವರು ಮುಂದಿಟ್ಟಾಗ ಅದರಲ್ಲಿ ಮಾಂಸವಿರಬಹುದೆಂದು ದಂಪತಿ ಹಿಂಜರಿದರು. ಹೆಂಡತಿ ಫೋನಿನಲ್ಲಿ ‘ಚಾಯ್’ ಎಂಬ ಪದವನ್ನು ತೋರಿಸಿದರು. ಬೌದ್ಧ ಸಂಪ್ರದಾಯದ ಸಸ್ಯಾಹಾರವನ್ನು ಸೂಚಿಸುವ ಪದ ಅದು. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನಗಳಂದು ಮಾಂಸ ಬಿಡುವ ಪದ್ಧತಿ ಅಲ್ಲಿ ಅನೇಕ ಮನೆಗಳಲ್ಲಿದೆ. ಅಜ್ಜಿ ತಲೆಯಾಡಿಸಿ, ಇನ್ನೊಂದು ಪೊಟ್ಟಣ ಬಿಚ್ಚಿ, ಹೆಸರುಬೇಳೆ ಸೇರಿಸಿ ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯ ಅನ್ನವನ್ನು ಎರಡೂ ಕೈಗಳಿಂದ ಕೊಟ್ಟರು. ಮಾರ್ಗಶಿರದ ಹುಗ್ಗಿಯಿಂದ ಮೆಣಸು, ತುಪ್ಪಗಳನ್ನು ತೆಗೆದರೆ ಉಳಿಯುವ ರುಚಿ ಅದು. ಉಂಡಾದ ಮೇಲೆ ಅವರ ಚೀಲದಿಂದ ವೀಳ್ಯದೆಲೆ, ಸುಣ್ಣ ಮತ್ತು ಸೀಳಿದ ಹಸಿ ಅಡಿಕೆ ಹೊರಬಂದವು. ಸಿಪ್ಪೆ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುವ ಸೀಮೆಯಿಂದ ಬಂದ ಹೆಂಡತಿ ಆ ಹಸಿರು ಕಾಯನ್ನು ಕೈಯಲ್ಲಿ ಹಿಡಿದು ನೋಡಿದ ರೀತಿಯಿಂದಲೇ, ಇವರ ಮನೆಯಲ್ಲಿ ಅಡಿಕೆ ಮರಗಳಿರಬೇಕೆಂದು ಅಜ್ಜಿಗೆ ಗೊತ್ತಾಯಿತು. ಮದುವೆ ನಿಶ್ಚಯಕ್ಕೆ ಅಡಿಕೆ ಗೊನೆಯನ್ನೂ ವೀಳ್ಯದೆಲೆಯನ್ನೂ ತಟ್ಟೆಯಲ್ಲಿಟ್ಟು ಹೆಣ್ಣಿನ ಮನೆಗೆ ಒಯ್ಯುವುದು ಅಲ್ಲಿಯೂ ಇದೆ ಎಂಬುದನ್ನು ಅವರು ಕೈಸನ್ನೆಯಲ್ಲಿಯೇ ವಿವರಿಸಿದರು.

ಬೆಳಗಿನ ಹೊತ್ತಿಗೆ ಗಾಡಿ ಬೆನ್ ಹಾಯ್ ನದಿಯನ್ನು ದಾಟಿತು. ಹದಿನೇಳನೆಯ ಅಕ್ಷಾಂಶದ ಹತ್ತಿರ ಹರಿಯುವ ಈ ಸಣ್ಣ ಹೊಳೆ 1954ರ ಜಿನೀವಾ ಒಪ್ಪಂದದ ನಂತರ ಎರಡು ವಿಯೆಟ್ನಾಮುಗಳ ನಡುವಿನ ಗಡಿಯಾಗಿತ್ತು. ಅಜ್ಜಿ ಕಿಟಕಿಯತ್ತ ಬೆರಳು ತೋರಿಸಿ, ಹೊಳೆ ಹಿಂದೆ ಸರಿಯುವವರೆಗೂ ಮಾತಾಡಲಿಲ್ಲ. ಈ ಗಡಿಯನ್ನು ಎಲ್ಲರೂ ಬಲ್ಲರು, ಪಠ್ಯಗಳಲ್ಲಿಯೂ ಸಿನಿಮಾಗಳಲ್ಲಿಯೂ ಅದು ಬಂದಿದೆ. ಅದಕ್ಕೂ ಸ್ವಲ್ಪ ಮುಂಚೆ, ನಸುಕಿನ ಕತ್ತಲಲ್ಲಿ, ಕಡಲಿಗೆ ಚಾಚಿದ ಹೊಯಾನ್ ಸನ್ ಎಂಬ ಬೆಟ್ಟಸಾಲನ್ನು ಗಾಡಿ ಹಾದುಬಂದಿತ್ತು. ಹನ್ನೊಂದನೆಯ ಶತಮಾನದವರೆಗೆ ವಿಯೆಟ್ ಜನರ ರಾಜ್ಯ ಅಲ್ಲಿಗೇ ಮುಗಿದು, ಆಚೆಗೆ ಚಂಪಾ ಎಂಬ ಇನ್ನೊಂದು ನಾಡು ಆರಂಭವಾಗುತ್ತಿತ್ತು. ಬೋಗಿಯಲ್ಲಿ ಆಗ ಎಲ್ಲರೂ ನಿದ್ದೆಯಲ್ಲಿದ್ದರು.

ಹುಯೆ ನಗರ 1802ರಿಂದ 1945ರವರೆಗೆ ನ್ಗುಯೆನ್ ವಂಶದ ರಾಜಧಾನಿಯಾಗಿತ್ತು. ಕೋಟೆಯೊಳಗಿನ ಅರಮನೆಯ ಬಹುಭಾಗ 1968ರ ಕಾಳಗದ ನಂತರ ಉಳಿದಿಲ್ಲ. ಊರಿನ ಸಸ್ಯಾಹಾರದ ಅಡುಗೆ ಮಾತ್ರ ಬೌದ್ಧ ಮಠಗಳ ಹಾಗೂ ಅರಮನೆಯ ಎರಡು ಪರಂಪರೆಗಳನ್ನೂ ಕೂಡಿಸಿಕೊಂಡು ಬೆಳೆದಿದೆ. ಎಳೆ ಹಲಸಿನಕಾಯನ್ನು ಬೇಯಿಸಿ ಎಳ್ಳು, ಕಡಲೆಬೀಜಗಳೊಡನೆ ಕಲಸಿ ಅಕ್ಕಿಯ ಹಪ್ಪಳದ ಮೇಲೆ ಕೊಡುವ ತಿನಿಸನ್ನು ಮಲೆನಾಡಿನವರು ಯಾವ ಪರಿಚಯವೂ ಬೇಡದೆ ತಿನ್ನಬಲ್ಲರು. ಮಿನ್ ಮಾಂಗ್ ಎಂಬ ದೊರೆಯ ಸಮಾಧಿಯ ತಾವರೆಗೊಳದ ದಂಡೆಯ ಮೇಲೆ ದಂಪತಿ ಒಂದು ಮಧ್ಯಾಹ್ನವನ್ನು ಕಳೆದರು. ಹುಯೆಯ ಸುತ್ತಣ ಈ ಸೀಮೆ ವಿಯೆಟ್ ಅರಸರ ಕೈಗೆ ಬಂದದ್ದು ಯುದ್ಧದಿಂದಲ್ಲ, 1306ರ ಒಂದು ಮದುವೆಯಿಂದ. ಟ್ರಾನ್ ವಂಶದ ರಾಜಕುಮಾರಿ ಹುಯೆನ್ ಟ್ರಾನಳನ್ನು ಚಂಪಾದ ಅರಸ ಜಯಸಿಂಹವರ್ಮನಿಗೆ ಕೊಟ್ಟಾಗ ಅವನು ತೆರವಾಗಿ ಎರಡು ಪ್ರಾಂತಗಳನ್ನು ಬಿಟ್ಟುಕೊಟ್ಟನು. ಮರುವರ್ಷ ಅವನು ತೀರಿಕೊಂಡ ಮೇಲೆ ಅವಳನ್ನು ತವರಿಗೆ ಮರಳಿ ಕರೆತಂದರೆಂದು ವಿಯೆಟ್ನಾಮಿನ ವೃತ್ತಾಂತಗಳು ಹೇಳುತ್ತವೆ. ಪ್ರಾಂತಗಳು ಮಾತ್ರ ಮರಳಲಿಲ್ಲ.

ಹುಯೆಯಿಂದ ಡನಾಂಗಿಗೆ ಹೋಗುವಾಗ ಹಾಯ್ ವಾನ್ ಕಣಿವೆದಾರಿ ಎದುರಾಗುತ್ತದೆ. ಸುಮಾರು ಐನೂರು ಮೀಟರ್ ಎತ್ತರದ ಈ ಘಟ್ಟವನ್ನು ರಸ್ತೆ 2005ರಿಂದ ಸುರಂಗದಲ್ಲಿ ದಾಟಿಬಿಡುತ್ತದೆ. ರೈಲು ಮಾತ್ರ ಇಂದಿಗೂ ಕಡಲಿನ ಅಂಚು ಹಿಡಿದು ಬೆಟ್ಟದ ಸೊಂಟವನ್ನು ಬಳಸಿ ಹೋಗುತ್ತದೆ. ಘಟ್ಟದ ಉತ್ತರಕ್ಕೆ ಚಳಿ ಮತ್ತು ತುಂತುರು, ದಕ್ಷಿಣಕ್ಕೆ ಬಿಸಿಲು. ಆಗುಂಬೆಯ ಘಟ್ಟ ನೈರುತ್ಯ ಮಾರುತವನ್ನು ತಡೆದು ಮಲೆನಾಡನ್ನೂ ಬಯಲನ್ನೂ ಬೇರೆ ಮಾಡುವ ಹಾಗೆ ಇಲ್ಲಿ ಈಶಾನ್ಯದ ಚಳಿಗಾಳಿಯನ್ನು ಬೆಟ್ಟ ತಡೆಯುತ್ತದೆ. ಕಾರ್ಯ ಒಂದೇ, ದಿಕ್ಕು ಮಾತ್ರ ತಿರುವುಮುರುವು.

ಡನಾಂಗಿನಲ್ಲಿ 1919ರಲ್ಲಿ ತೆರೆದ ಚಾಮ್ ಶಿಲ್ಪಗಳ ವಸ್ತುಸಂಗ್ರಹಾಲಯವಿದೆ. ಚಾಮರು ಚಂಪಾವನ್ನು ಕಟ್ಟಿದ ಜನ. ಭಾಷೆ ವಿಯೆಟ್ನಾಮೀಯ ಕುಲದ್ದಲ್ಲ, ಮಲಯ ದ್ವೀಪಗಳ ಭಾಷೆಗಳ ಬಳಗದ್ದು. ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಇಳಿದದ್ದು, ಆದ್ದರಿಂದ ಕನ್ನಡ ಲಿಪಿಗೆ ದೂರದ ದಾಯಾದಿ. ಶಾಸನಗಳ ಕಾಲಗಣನೆ ಶಕವರ್ಷದಲ್ಲಿದೆ. ಫಲಕದಲ್ಲಿ ಶಕ ಎಂದು ಕಂಡ ಕೂಡಲೇ ಎಪ್ಪತ್ತೆಂಟು ಕೂಡಿಸಿ ಓದಿಕೊಳ್ಳುವ ಅಭ್ಯಾಸ ಕನ್ನಡ ಶಾಸನಗಳ ಓದುಗರಿಗೆ ಅಲ್ಲಿಯೂ ಒದಗಿಬರುತ್ತದೆ. ಚಂಪಾದ ಸಿಂಹಪುರ ಎಂಬ ರಾಜಧಾನಿಯಿದ್ದ ಟ್ರಾ ಕಿಯೆವ್ ಬಳಿ ನಾಲ್ಕನೆಯ ಶತಮಾನದ ಕೊನೆಯ ಭಾಗದ್ದೆನ್ನಲಾದ ಚಾಮ್ ಭಾಷೆಯ ಶಾಸನವೊಂದು ಸಿಕ್ಕಿದೆ. ಹಲ್ಮಿಡಿಯ ಶಾಸನಕ್ಕೆ ಅದು ಹೆಚ್ಚುಕಡಿಮೆ ಸಮೀಪದ ಹಿರಿಯ. ಅರಸನ ನಾಗನನ್ನು ಗೌರವಿಸಿದವರಿಗೆ ಸಂಪತ್ತು, ಅವಮಾನಿಸಿದವರಿಗೆ ಕುಲಸಮೇತ ಸಾವಿರ ವರ್ಷ ನರಕ ಎಂಬ ಅದರ ಒಕ್ಕಣೆಯನ್ನು ತಿಳಿದಾಗ, ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪವನ್ನು ನೆನಪಿಸುವ ನಮ್ಮ ಕಲ್ಲುಗಳ ಶಾಪಾಶಯ ಹತ್ತಿರದಲ್ಲಿಯೇ ಕೇಳಿಸಿದಂತಾಗುತ್ತದೆ.

ಮೀ ಸನ್ ಎಂಬ ಕಣಿವೆಯಲ್ಲಿ ಚಂಪಾದ ಅರಸರು ನಾಲ್ಕನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಶಿವನಿಗೆ ಗುಡಿಗಳನ್ನು ಕಟ್ಟಿದರು. ಭದ್ರವರ್ಮನು ಸ್ಥಾಪಿಸಿದ ಭದ್ರೇಶ್ವರನ ಮರದ ಗುಡಿ ಬೆಂಕಿಗೆ ಆಹುತಿಯಾದ ಮೇಲೆ ಶಂಭುವರ್ಮನು ಅದನ್ನು ಹೊಸದಾಗಿ ಕಟ್ಟಿಸಿದನು. ಬಾದಾಮಿಯಲ್ಲಿ ಮಂಗಲೇಶನು 578ರಲ್ಲಿ ಮೂರನೆಯ ಗುಹೆಯನ್ನು ಪೂರೈಸಿದ ತಲೆಮಾರಿಗೆ ಸೇರಿದವನು ಅವನು. ಬಾದಾಮಿಯವರು ಮರಳುಗಲ್ಲನ್ನು ಕೊರೆದರೆ ಚಾಮರು ಇಟ್ಟಿಗೆಯನ್ನು ಕೆತ್ತಿದರು. ಗೋಡೆ ಎದ್ದ ಮೇಲೆ ಅದರ ಮೈಮೇಲೆಯೇ ಹೂಬಳ್ಳಿ, ದೇವತೆಗಳನ್ನು ಬಿಡಿಸಿದರು, ಮತ್ತು ಇಟ್ಟಿಗೆ ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೆ ಬೀಳದಷ್ಟು ಬಿಗಿಯಾಗಿ ಜೋಡಿಸಿದರು. ಅಷ್ಟು ಶತಮಾನ ನಿಂತ ಎ-1 ಎಂಬ ಮುಖ್ಯ ಗೋಪುರವನ್ನು 1969ರಲ್ಲಿ ಅಮೆರಿಕದ ಬಾಂಬುಗಳು ಕೆಡವಿದವು. ಪ್ಯಾರಿಸಿನ ಗಿಮೆ ವಸ್ತುಸಂಗ್ರಹಾಲಯದ ವಿದ್ವಾಂಸ ಫಿಲಿಪ್ ಸ್ಟರ್ನ್ ಅಮೆರಿಕದ ಅಧ್ಯಕ್ಷರಿಗೆ ಪತ್ರ ಬರೆದ ನಂತರವಷ್ಟೇ ಉಳಿದ ಗುಡಿಗಳನ್ನು ಬಿಡಬೇಕೆಂಬ ಆದೇಶ ಹೊರಟಿತು. ಯುದ್ಧದ ನಂತರ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ 1997ರಲ್ಲಿ ತಾನು ಸಾಯುವವರೆಗೂ ಚಾಮ್ ಗುಡಿಗಳ ಮತ್ತು ಹುಯೆಯ ಸಂರಕ್ಷಣೆಗೆ ದುಡಿದನು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2017ರಿಂದ 2022ರವರೆಗೆ ಎ, ಎಚ್ ಮತ್ತು ಕೆ ಗುಂಪುಗಳ ಜೀರ್ಣೋದ್ಧಾರ ಮಾಡಿತು. ಆ ಕೆಲಸದ ನಡುವೆ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ಮಣ್ಣಿನಿಂದ ಹೊರಬಂತು.

ಹಿರಿಯೂರಿನ ಕಡೆಯವರಾದ ಗಂಡನಿಗೆ ಆ ದೇಶದಲ್ಲಿ ಮನೆಯ ನೆನಪು ತಂದ ಊರು ಫಾನ್ ರಾಂಗ್. ವಿಯೆಟ್ನಾಮಿನಲ್ಲಿ ಮಳೆ ಅತಿ ಕಡಿಮೆ ಬೀಳುವ ಸೀಮೆ ಅದು. ಭತ್ತದ ಹಸಿರು ತೆಳುವಾಗುತ್ತ ಬಂದು, ಕಳ್ಳಿ, ಕುರುಚಲು, ಕುರಿಮಂದೆ, ದ್ರಾಕ್ಷಿಯ ಚಪ್ಪರ, ಕರಿ ಬಂಡೆಯ ಗುಡ್ಡಗಳು ರೈಲಿನ ಕಿಟಕಿಯಲ್ಲಿ ಸಾಲುಗಟ್ಟಿದಾಗ ಚಿತ್ರದುರ್ಗದ ಬಯಲಿಗೂ ಅದಕ್ಕೂ ಹೆಚ್ಚು ಅಂತರ ಕಾಣಲಿಲ್ಲ. ಚಂಪಾದ ಕೊನೆಯ ರಾಜ್ಯವಾದ ಪಾಂಡುರಂಗ ಇದ್ದದ್ದು ಇಲ್ಲಿ. ರೈಲುನಿಲ್ದಾಣದ ಹೆಸರೇ ಥಾಪ್ ಚಾಮ್, ಚಾಮರ ಗೋಪುರ; ಅಲ್ಲಿಂದ ಸಮೀಪದ ಗುಡ್ಡದ ಮೇಲೆ ಪೊ ಕ್ಲಾಂಗ್ ಗರಾಯ್ ಗುಡಿ ನಿಂತಿದೆ. ಕಟ್ಟೆ ಕಾಲುವೆಗಳನ್ನು ಕಟ್ಟಿಸಿ ಜನರ ಹೊಟ್ಟೆಗೆ ದಾರಿಮಾಡಿ ಕೊನೆಗೆ ದೇವರಾದ ಅರಸನದು ಆ ಗುಡಿ. ಬಾಗಿಲ ಮೇಲೆ ಆರು ತೋಳುಗಳ ನಾಟ್ಯಶಿವ, ಒಳಗೆ ಅರಸನ ಮುಖವುಳ್ಳ ಮುಖಲಿಂಗ, ಹೊಸ್ತಿಲ ಹತ್ತಿರ ನಂದಿ. ಇದನ್ನು ಕಟ್ಟಿಸಿದವನು ರಾಜಕುಮಾರಿ ಹುಯೆನ್ ಟ್ರಾನಳನ್ನು ಮದುವೆಯಾದ ಅದೇ ಜಯಸಿಂಹವರ್ಮ. ಹುಯೆಯಲ್ಲಿ ಕೇಳಿದ್ದ ಕಥೆಯಲ್ಲಿ ಅವನು ಎರಡು ಪ್ರಾಂತ ತೆತ್ತು ಬೇಗನೆ ಸತ್ತ ಗಂಡ ಮಾತ್ರವಾಗಿದ್ದನು. ಇಲ್ಲಿ ಅವನು ಕಟ್ಟಿಸಿದ ಗುಡಿ, ಒಂದು ಊರು, ಆ ಗುಡಿಯಲ್ಲಿ ಏಳುನೂರು ವರ್ಷಗಳ ಪೂಜೆ ಇದ್ದವು. ಅಲ್ಲಿ ಪೂಜೆ ನಡೆಯುತ್ತಲೇ ಇದೆ. ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಬರುವ ಕಾಟೆ ಹಬ್ಬದಂದು ಚಾಮ್ ಪುರೋಹಿತರು ಮುಖಲಿಂಗಕ್ಕೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುತ್ತಾರೆ.

ಹತ್ತಿರದ ಬಾವ್ ಟ್ರುಕ್ ಹಳ್ಳಿಯಲ್ಲಿ ಮಡಕೆ ಮಾಡುವವರೆಲ್ಲ ಹೆಂಗಸರು. ಅಲ್ಲಿ ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ಪೀಠದ ಮೇಲಿಟ್ಟು, ಅದರ ಸುತ್ತ ತಾವೇ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ, ಒದ್ದೆ ಬಟ್ಟೆ ಸುತ್ತಿದ ಕೈಯಿಂದ ನುಣುಪು ಮಾಡುತ್ತಾರೆ. ಆವಿಗೆಯಿಲ್ಲದೆ ಬಯಲಿನಲ್ಲಿಯೇ ಹುಲ್ಲು, ಸೌದೆ ಒಟ್ಟಿ ಸುಡುತ್ತಾರೆ. ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೋ 2022ರಲ್ಲಿ ಈ ಕಸುಬನ್ನು ಸೇರಿಸಿತು. ಅಂಗಳದಲ್ಲಿ ಮಡಕೆ ಮೆತ್ತುತ್ತಿದ್ದ ನಡುವಯಸ್ಸಿನ ತಾಯಿಯ ಮಾತನ್ನು ಕಾಲೇಜಿಗೆ ಹೋಗುವ ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಚಾಮರಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುತ್ತದೆ, ಗಂಡು ಮದುವೆಯಾಗಿ ಹೆಂಡತಿಯ ಮನೆಗೆ ಬರುತ್ತಾನೆ ಎಂಬುದನ್ನು ಕೇಳಿದ ದಂಪತಿ ತುಳುನಾಡಿನ ಅಳಿಯಕಟ್ಟಿನ ಬಗ್ಗೆ ಹೇಳಿದರು. ಆಸ್ತಿ ಅಲ್ಲಿ ಸೋದರಳಿಯನಿಗೆ, ಇಲ್ಲಿ ಕಿರಿಮಗಳಿಗೆ ಎಂಬ ವ್ಯತ್ಯಾಸವನ್ನು ತಾಯಿ ಆಸಕ್ತಿಯಿಂದ ಕೇಳಿಸಿಕೊಂಡರು.

“ಮೊದಲು ಎಲ್ಲಿ ಇಳಿದಿರಿ?” ಎಂದು ತಾಯಿ ಕೇಳಿದರು.

“ಹನೋಯಿಯಲ್ಲಿ ಇಳಿದೆವು ಅಮ್ಮ, ಸೈಗಾನಿನಿಂದ ಹೊರಡುತ್ತೇವೆ” ಎಂದು ಹೆಂಡತಿ ಹೇಳಿದರು.

“ಇಲ್ಲಿಗೆ ಎಲ್ಲರೂ ಉತ್ತರದಿಂದಲೇ ಬಂದವರು” ಎಂದು ತಾಯಿ ಹೇಳಿ, ಮಡಕೆಯ ಸುತ್ತ ಮತ್ತೆ ಹಿಮ್ಮುಖವಾಗಿ ನಡೆಯತೊಡಗಿದರು.

ಪ್ರವಾಸಿಗಳನ್ನು ಕುರಿತ ಸಾದಾ ಮಾತೋ, ಬೇರೆ ಅರ್ಥದ್ದೋ ಎಂಬುದನ್ನು ದಂಪತಿ ಕೇಳಲಿಲ್ಲ. ಮಗಳು ತಾನಾಗಿಯೇ ವಿವರಿಸಿದಳು. ತೆಂಕಣ ನಡೆ ಎಂದು ಇತಿಹಾಸಕಾರರು ಕರೆಯುವ, ವಿಯೆಟ್ ಜನ ಶತಮಾನಗಳ ಕಾಲ ದಕ್ಷಿಣಕ್ಕೆ ಹರಡುತ್ತ ಬಂದ ಪ್ರಕ್ರಿಯೆಯನ್ನು ಅವಳು ಇಸವಿಗಳ ಮೂಲಕ ಹೇಳಿದಳು. 1069ರಲ್ಲಿ ಚಂಪಾದ ಅರಸ ಸೆರೆಸಿಕ್ಕು ಉತ್ತರದ ಪ್ರಾಂತಗಳನ್ನು ಕಳೆದುಕೊಂಡನು. 1306ರಲ್ಲಿ ಮದುವೆಗೆ ಎರಡು ಪ್ರಾಂತ ಹೋದವು. 1471ರಲ್ಲಿ ರಾಜಧಾನಿ ವಿಜಯವೇ ಬಿದ್ದು, ಗೆದ್ದವರ ವೃತ್ತಾಂತಗಳೇ ಒಪ್ಪುವಂತೆ ಹತ್ತಾರು ಸಾವಿರ ಮಂದಿ ಸತ್ತರು, ಸೆರೆಯಾದರು. 1832ರಲ್ಲಿ ಕೊನೆಗೆ ಉಳಿದಿದ್ದ ಪಾಂಡುರಂಗವನ್ನೂ ಹುಯೆಯ ದೊರೆ ಮಿನ್ ಮಾಂಗ್ ನುಂಗಿಕೊಂಡನು. ತಾವರೆಗೊಳದ ದಂಡೆಯಲ್ಲಿ ಕಳೆದ ಮಧ್ಯಾಹ್ನ ಅವರಿಗೆ ಆಗ ಬೇರೆಯಾಗಿ ನೆನಪಾಯಿತು. ವಿಜಯವನ್ನು ಕೆಡವಿದ ದೊರೆಯ ಹೆಸರನ್ನು ಹುಡುಗಿ ಹೇಳಿದಾಗ ಹೆಂಡತಿ ತಮ್ಮ ಚೀಲದಿಂದ ಪುಸ್ತಕ ತೆಗೆದು, ಹನೋಯಿಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದ ಪುಟವನ್ನು ನೋಡಿದರು. ಅದು ಲೇ ಥಾನ್ ತೋಂಗ್. ವಿಜಯ ಬಿದ್ದ ಹದಿಮೂರು ವರ್ಷಗಳಿಗೆ ಅವನು ವಿದ್ವಾಂಸರಿಗಾಗಿ ಆಮೆಗಳ ಮೇಲೆ ಕಲ್ಲು ನಿಲ್ಲಿಸಿದನು.

ಅವನನ್ನು ಕ್ರೂರಿಯೆಂದು ಹೇಳಿ ಮುಗಿಸುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಅವನ ಕಾಲದ ಕಾನೂನು ಸಂಹಿತೆ ಹೆಣ್ಣುಮಕ್ಕಳ ಆಸ್ತಿಯ ಹಕ್ಕನ್ನು ಗುರುತಿಸಿತ್ತು. ಬಡವರ ಮಕ್ಕಳು ಓದಿ ಮೇಲೇರುವ ಪರೀಕ್ಷೆಯನ್ನು ಅವನು ಬಲಪಡಿಸಿದನು. ಕನ್ನಡಿಗರಿಗೆ ಈ ಇಕ್ಕಟ್ಟು ಹೊಸದಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯ ಪೂರ್ಣಗೊಂಡದ್ದು, ಹನೋಯಿ ರಾಜಧಾನಿಯಾದ ಅದೇ 1010ರಲ್ಲಿ. ಅದಕ್ಕೆ ಮೂರು ವರ್ಷ ಮುಂಚಿನ, ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ, ಒಂಬತ್ತು ಲಕ್ಷ ದಂಡಿನೊಡನೆ ಬಂದ ಚೋಳರು ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳೆನ್ನದೆ ಕೊಂದ ಬಗೆಯನ್ನು ದಾಖಲಿಸಿದೆ. ಬೆಂಗಳೂರಿನಿಂದ ತಂಜಾವೂರಿಗೆ ಹೋಗಿ ಆ ವಿಮಾನದ ಎತ್ತರಕ್ಕೆ ಕತ್ತೆತ್ತಿ ನೋಡಿ ಮರಳುವ ಸಾವಿರಾರು ಕನ್ನಡಿಗರಲ್ಲಿ ಹೊಟ್ಟೂರಿಗೆ ಹೋದವರು ತೀರ ಕಡಿಮೆ. ಗುಡಿಯ ಸೌಂದರ್ಯ ಅದರಿಂದ ಸುಳ್ಳಾಗುವುದಿಲ್ಲ, ಶಾಸನದ ನೋವೂ ಸುಳ್ಳಾಗುವುದಿಲ್ಲ. ಆದರೆ ಎರಡನ್ನೂ ಕಂಡವರ ನೋಟ ಒಂದನ್ನೇ ಕಂಡವರ ನೋಟದಂತೆ ಇರಲಾರದು, ಮತ್ತು ಯಾವುದನ್ನು ಮೊದಲು ಕಂಡರು ಎಂಬುದೂ ಆ ನೋಟದಲ್ಲಿ ಸೇರಿರುತ್ತದೆ.

ಫಾನ್ ರಾಂಗಿನಲ್ಲಿ ದಂಪತಿಗೆ ಹನೋಯಿಯ ಫಲಕಗಳನ್ನು ಮತ್ತೊಮ್ಮೆ ನೋಡಬೇಕೆನಿಸಿತು. ಟಿಕೆಟ್ಟು ಅವರನ್ನು ಸೈಗಾನಿನಲ್ಲಿ ಕಾಯುತ್ತಿತ್ತು.

ಸೈಗಾನಿನ ಬಗ್ಗೆ ಹೇಳುವುದು ಕಡಿಮೆ. ಖ್ಮೇರರ ಊರಾಗಿದ್ದ ಜಾಗದಲ್ಲಿ 1698ರಲ್ಲಿ ವಿಯೆಟ್ ಆಡಳಿತ ನೆಲೆಗೊಂಡಿತು. ತೆಂಕಣ ನಡೆಯ ಕೊನೆಯ ದೊಡ್ಡ ಊರು ಅದು. ತಮಿಳು ವರ್ತಕರು ಕಟ್ಟಿದ ಮಾರಿಯಮ್ಮನ ಗುಡಿಯಲ್ಲಿ ಊದುಬತ್ತಿ ಹಿಡಿದು, ಗೋಡೆಗೆ ಹಣೆ ತಾಗಿಸಿ ಬೇಡಿಕೊಳ್ಳುತ್ತಿದ್ದವರಲ್ಲಿ ಬಹಳ ಮಂದಿ ವಿಯೆಟ್ನಾಮಿನ ಹೆಂಗಸರೇ. ಮಂಜುಗಡ್ಡೆ, ಗಟ್ಟಿ ಹಾಲು ಬೆರೆಸಿದ ಕಾಫಿ ಅಲ್ಲಿಯ ಸೆಕೆಗೆ ತಕ್ಕದ್ದಾಗಿತ್ತು. ಟಾನ್ ಸನ್ ನ್ಯಾತ್ ವಿಮಾನನಿಲ್ದಾಣದ ಅಧಿಕಾರಿ ವೀಸಾದ ಹೊರಹೋಗುವ ಕಲಮನ್ನು ನೋಡಿ ಮುದ್ರೆಯೊತ್ತಿದರು.

ಮನೆಗೆ ಬಂದ ಮೇಲೆ ಈ ಪ್ರವಾಸವನ್ನು ವಿವರಿಸಲು ಹೊರಟಾಗಲೆಲ್ಲ ದಂಪತಿಗೆ ಒಂದೇ ತೊಡಕು ಎದುರಾಗುತ್ತದೆ. ಹನೋಯಿಯಿಂದ ಆರಂಭಿಸಿದರೆ ಕಥೆ ತಾನಾಗಿಯೇ ದಕ್ಷಿಣಕ್ಕೆ ಹರಿಯುತ್ತದೆ. ರಾಜ್ಯ ಬೆಳೆಯುತ್ತದೆ, ರೈಲು ಕೂಡಿಕೊಳ್ಳುತ್ತದೆ, ಒಡೆದ ದೇಶ ಒಂದಾಗುತ್ತದೆ, ಚಾಮರು ದಾರಿಯ ನಡುವೆ ಸಿಗುವ ಸುಂದರ ಅವಶೇಷವಾಗುತ್ತಾರೆ. ದೇಶದ ಏಕೀಕರಣದ ಕಥೆ ಸುಳ್ಳಲ್ಲ. ಬೆನ್ ಹಾಯ್ ಹೊಳೆಯನ್ನು ನೋಡಿದ ಅಜ್ಜಿಯ ಮೌನಕ್ಕೆ ಅದರಲ್ಲಿ ಪೂರ್ತಿ ಹಕ್ಕಿದೆ. ಆದರೆ ಫಾನ್ ರಾಂಗಿನಿಂದ ಹೇಳಲು ಕೂತರೆ ಅದೇ ಊರುಗಳು, ಅದೇ ಇಸವಿಗಳು ಬೇರೆ ಸಾಲಿನಲ್ಲಿ ನಿಲ್ಲುತ್ತವೆ. ವಿಮಾನ ಸಂಸ್ಥೆಯ ದಾಖಲೆಯಲ್ಲಿ ತಿಳಿಯದ ಭಾಗವೆಂದು ಬರೆದ ಅಂತರದಲ್ಲಿಯೇ ಒಂದು ನಾಡು ಪೂರ್ತಿಯಾಗಿ ಇತ್ತು. ತಿಳಿಯುವುದಕ್ಕೆ ರೈಲಿನಲ್ಲಿ ಹೋದರೆ ಮಾತ್ರ ಸಾಲದು, ಎದುರು ದಿಕ್ಕಿನಿಂದಲೂ ಒಮ್ಮೆ ಹೋಗಬೇಕಾಗುತ್ತದೆ.

ತಿರುವುಮುರುವಾದ ಟಿಕೆಟ್ಟು ಅದೇ ಪರದೆಯಲ್ಲಿ, ಎರಡು ಊರುಗಳ ಹೆಸರನ್ನು ಅದಲುಬದಲು ಮಾಡಿದರೆ ಸಿಗುತ್ತದೆ. ಕಾಟೆ ಹಬ್ಬದ ತಿಂಗಳಿನಲ್ಲಿ ಸೈಗಾನಿನಲ್ಲಿ ಇಳಿದು, ಮೊದಲು ಪಾಂಡುರಂಗದ ಗುಡ್ಡ ಹತ್ತಿ, ವಿಜಯದ ಇಟ್ಟಿಗೆ ಗೋಪುರಗಳಿರುವ ಕ್ವಿ ನ್ಯೋನ್ ಕಡೆಗೆ ಹೋಗಿ, ಮೀ ಸನ್ ಮುಗಿಸಿ, ಮಳೆಗಾಲಕ್ಕೆ ಸಿಕ್ಕರೂ ಸರಿ ಎಂದು ಹಾಯ್ ವಾನ್ ದಾಟಿ, ಹೊಯಾನ್ ಸನ್ ಬೆಟ್ಟಸಾಲನ್ನು ಹಗಲಿನ ಗಾಡಿಯಲ್ಲಿ ಎಚ್ಚರವಾಗಿದ್ದು ಹಾಯುವ ಯೋಚನೆ ಅವರದು. ಹೆಂಡತಿ ಈ ಸಲ ಬಾವ್ ಟ್ರುಕ್‌ನ ತಾಯಿಗೆ ಕೊಡಲು ಶಿರಸಿಯ ಕೆಂಪಡಿಕೆಯನ್ನು ಒಯ್ಯಬಹುದೇ ಎಂದು ಸುಂಕದ ನಿಯಮಗಳನ್ನು ವಿಚಾರಿಸುತ್ತಿದ್ದಾರೆ; ಗಂಡ ಹೊಟ್ಟೂರಿಗೆ ಹೋಗುವ ಬಸ್ಸು ಯಾವುದೆಂದು ಹಾವೇರಿಯ ಗೆಳೆಯರನ್ನು ಕೇಳಿದ್ದಾರೆ, ಏಕೆಂದರೆ ಅದನ್ನು ಮೊದಲು ನೋಡಿಬರಬೇಕೆಂದು ಇಬ್ಬರೂ ನಿಶ್ಚಯಿಸಿದ್ದಾರೆ.